ಏನೂ ಹಾಕದ ಚೌಕ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಲ್ಲತ್ತಹಳ್ಳಿ ಕೆರೆಯ ಹಿಂದೆ ಒಂದು ರಾಗಿ ಹೊಲ. ವಾರಕ್ಕೊಂದು ದಿನ ಅಲ್ಲಿಗೆ ಹೋಗಿ, ಮಣ್ಣಿನ ಮೇಲೆ ತಗಡಿನ ಡಬ್ಬಿ ಬೋರಲು ಹಾಕಿಕೊಂಡು ಕೂರುವುದು ನನ್ನ ನೌಕರಿಯಾಗಿತ್ತು. ನಗಬೇಡಿ, ಅದಕ್ಕೂ ಸಂಬಳ ಕೊಡುತ್ತಿದ್ದರು.

ಗೊಬ್ಬರ ಹಾಕಿದ ನೆಲ ನೆನೆದಾಗ ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಹುಟ್ಟಿಸುತ್ತವೆ. ಅದು ಆಕಾಶಕ್ಕೆ ಏರಿ ಓಝೋನ್ ಪದರವನ್ನು ಕೆಡಿಸುತ್ತದೆ ಎಂಬ ಮಾತು ಆಗಿನ್ನೂ ಹೊಸದು. ಯಾವ ಕಾಲದಲ್ಲಿ ಎಷ್ಟು ಹೊರಬರುತ್ತದೆ ಎಂದು ಅಳೆಯುವ ಹುಚ್ಚು ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ. ಅದಕ್ಕಾಗಿ ಹೊಲದಲ್ಲಿ ಎರಡು ಚೌಕ ಗುರುತು ಮಾಡಿದ್ದೆವು. ಒಂದಕ್ಕೆ ಯೂರಿಯಾ, ಕೊಟ್ಟಿಗೆ ಗೊಬ್ಬರ ಎಲ್ಲ. ಇನ್ನೊಂದಕ್ಕೆ ಏನೂ ಇಲ್ಲ. ಆ ಏನೂ ಹಾಕದ ಚೌಕವೇ ನಮ್ಮ ತಕ್ಕಡಿಯ ಇನ್ನೊಂದು ತಟ್ಟೆ. ಡಬ್ಬಿ ಹೂತು ಅರ್ಧ ಗಂಟೆ ಕಾಯಬೇಕು, ಆಮೇಲೆ ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆದು ಬಾಟಲಿಗೆ ತುಂಬಬೇಕು. ಅದರಲ್ಲಿ ಅನಿಲ ಎಷ್ಟಿದೆ ಎಂದು ಪ್ರಯೋಗಾಲಯದ ಯಂತ್ರ ಅಂಕಿ ಕೊಡುತ್ತಿತ್ತು.

ನಾನು ದಾವಣಗೆರೆ ಕಡೆಯವಳು. ರಾಜಾಜಿನಗರದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸ್ಟವ್, ಒಂದು ಚಾಪೆ. ಆಫೀಸಿನಲ್ಲಿ ಮಾತೆಂದರೆ ಬಾಟಲಿಯ ನಂಬರು. ಕೋಣೆಯಲ್ಲಿ ಅದೂ ಇಲ್ಲ. ಭಾನುವಾರ ಸಂಜೆ ಗಂಟಲು ಕಟ್ಟಿದೆಯೋ ಏನೋ ಎಂದು ಸುಮ್ಮನೆ ಒಂದು ಸಲ ಕೆಮ್ಮಿ ನೋಡಿಕೊಂಡದ್ದೂ ಉಂಟು. ಇಂಥ ವಾರದಲ್ಲಿ ಆ ಎರಡು ಅರ್ಧ ಗಂಟೆಗಳು ಮಾತ್ರ ನನ್ನವು, ಏಕೆಂದರೆ ಆಗ ಹೊಲದ ಒಡತಿ ಅಜ್ಜಿ ಬಂದು ನನ್ನ ಪಕ್ಕ ಕೂರುತ್ತಿದ್ದಳು.

"ಉಂಡ್ಯಾ ಮಗಾ?" ಎಂದೇ ಶುರು. ಇಡೀ ಬೆಂಗಳೂರಿನಲ್ಲಿ ನನ್ನನ್ನು ಆ ಮಾತು ಕೇಳುತ್ತಿದ್ದವಳು ಅವಳೊಬ್ಬಳೇ. ಮಡಿಲಿನಿಂದ ಕಡಲೆಕಾಯಿ ತೆಗೆದು ನನ್ನ ಸೆರಗಿಗೆ ಸುರಿಯುವಳು. ಸೊಸೆಯ ಸೊಂಟನೋವು, ಹಸುವಿನ ಗರ್ಭ, ಲೇಔಟಿನವರು ಅಳೆಯಲು ಬಂದದ್ದು ಎಲ್ಲ ಹೇಳುವಳು. ಡಬ್ಬಿ ಏಕೆಂದು ಕೇಳಿದಾಗ ಮಣ್ಣಿನ ಗಾಳಿ ಹಿಡೀತೀನಿ ಅಜ್ಜಿ ಎಂದಿದ್ದೆ. ಅದನ್ನು ಒಪ್ಪಿಕೊಂಡಳು. ಒಪ್ಪದಿದ್ದದ್ದು ಖಾಲಿ ಚೌಕವನ್ನು.

"ಒಂದಕ್ಕೆ ಹೊಟ್ಟೆ ತುಂಬ ಇಕ್ಕೀಯ, ಇನ್ನೊಂದನ್ನ ಉಪಾಸ ಕೆಡವ್ತೀಯ. ಯಾವೂರ ನ್ಯಾಯ ಕಣವ್ವ ಇದು?"

ನಾನು ನಕ್ಕೆ. ನಕ್ಕೆನೇ ಹೊರತು ಬಿಡಿಸಿ ಹೇಳಲಿಲ್ಲ. ಹಳ್ಳಿ ಮುದುಕಿಗೆ ಏನು ಹೇಳುವುದು ಎಂಬ ಕೊಬ್ಬು.

ಮಳೆಗಾಲದಲ್ಲಿ ಯೂರಿಯಾ ಹಾಕಿದ ಚೌಕದ ಅಂಕಿ ಎದ್ದು ಕುಣಿಯಿತು. ಮಾಗಿ ಬಂದಂತೆ ಇಳಿಯಿತು, ಬೇಸಿಗೆಯಲ್ಲಿ ಇದೆಯೋ ಇಲ್ಲವೋ ಎನ್ನುವ ಹಾಗಾಯಿತು. ಹೊಲದ ಮೇಲಿನ ಬಯಲುಗಾಳಿಯನ್ನೂ ಒಂದೊಂದು ಬಾಟಲಿ ಹಿಡಿಯುತ್ತಿದ್ದೆ. ಅದು ಮಾತ್ರ ಜಗ್ಗಲಿಲ್ಲ. ಯಾವ ಕಾಲದಲ್ಲೂ ನಮ್ಮ ಯಂತ್ರದ ಕಣ್ಣಿಗೆ ಬೀಳುವಷ್ಟು ವ್ಯತ್ಯಾಸ ಅದರಲ್ಲಿ ಇರಲಿಲ್ಲ. ಇನ್ನು ಉಳಿದದ್ದು ಒಣ ನೆಲಕ್ಕೆ ಬೀಳುವ ಮೊದಲ ಮಳೆ. ವರ್ಷದ ಕೆಲಸವೆಲ್ಲ ಅದರ ಮೇಲೆ ನಿಂತಿತ್ತು.

ಅಷ್ಟರಲ್ಲಿ ನನಗೆ ಟೈಫಾಯ್ಡ್. ಮೂರು ವಾರ ಕೋಣೆಯಲ್ಲಿ ಬಿದ್ದುಕೊಂಡೆ. ಎದುರು ಮನೆಯಾಕೆ ಒಂದು ದಿನ ಗಂಜಿ ತಂದುಕೊಟ್ಟರು. ಮಿಕ್ಕ ದಿನ ನಾನುಂಟು, ಬ್ರೆಡ್ಡುಂಟು.

ಮಳೆ ಬಿದ್ದ ಮಾರನೆಯ ಬೆಳಿಗ್ಗೆ ತೂರಾಡಿಕೊಂಡೇ ಹೊರಟೆ. ವಿಜಯನಗರದಲ್ಲಿ ಬಸ್ಸಿಳಿದು, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಹೊಲಕ್ಕೆ ಬಂದು ನೋಡುತ್ತೇನೆ, ಖಾಲಿ ಚೌಕದ ತುಂಬ ಕುರಿ ಹಿಕ್ಕೆ. ನೆನೆದು, ಅರಳಿ, ಗಬ್ಬೆಂದು ನಾರುತ್ತಿತ್ತು. ಮಳೆಗೆ ಮುಂಚೆ ಕುರಿಗಾರರನ್ನು ಕರೆಸಿ, ರಾತ್ರಿ ಮಂದೆಯನ್ನು ಹೊಲದಲ್ಲೇ ಮಲಗಿಸಿ ನೆಲಕ್ಕೆ ಗೊಬ್ಬರ ಮಾಡಿಸುವುದು ಆ ಕಡೆಯ ರೂಢಿ. ನನ್ನ ಚೌಕದಲ್ಲಿ ಮಂದೆ ಮಲಗಿತ್ತು.

ಅಜ್ಜಿ ಅಲ್ಲೇ ಬದುವಿನ ಮೇಲಿದ್ದಳು. ಮುಖ ಅರಳಿತ್ತು. "ಬಂದ್ಯಾ ಮಗಾ. ಏನೋ ಆಗ್ಯದೆ ಹುಡುಗೀಗೆ ಅಂದ್ಕಂಡೆ. ಮಳೆ ಬೇರೆ ಬರಂಗಿತ್ತು, ನಿನ್ ನೆಲಕ್ಕೆ ಯಾರೂ ದಿಕ್ಕಿಲ್ವಲ್ಲ ಅಂತ ನಮ್ಮನೆ ರಾಗಿ ಕೊಟ್ಟು ಎರಡು ದಿನ ಕುರಿ ಕೂಡಿಸ್ದೆ."

ಜ್ವರ ಇಳಿದ ಮೈ, ಹಸಿದ ಹೊಟ್ಟೆ ಎಂದೆಲ್ಲ ಈಗ ಸಬೂಬು ಹೇಳಬಹುದು. ಆದರೆ ನನ್ನ ಸಿಟ್ಟು ಹುಟ್ಟಿನಿಂದ ಬಂದದ್ದು. "ಯಾರು ಹೇಳಿದ್ರು ನಿಮಗೆ? ನನ್ನ ಒಂದು ವರ್ಷ ಹಾಳು ಮಾಡಿದ್ರಿ. ಗೊತ್ತಿಲ್ಲ ಅಂದ್ಮೇಲೆ ಯಾಕೆ ಕೈ ಹಾಕ್ತೀರಿ? ನಿಮ್ಮಂಥೋರಿಗೆ ಏನು ತಿಳಿಯುತ್ತೆ ಇದೆಲ್ಲ?" ಸೊಸೆ ಕೂಳೆ ಆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಅವಳ ಎದುರಿಗೇ ಅಂದೆ. ಅಜ್ಜಿ ಮಡಿಲು ಗಟ್ಟಿಯಾಗಿ ಸಿಕ್ಕಿಸಿಕೊಂಡು ಮನೆ ಕಡೆ ನಡೆದಳು. ನಾನು ಅಳುತ್ತಲೇ ಡಬ್ಬಿ ಹೂತೆ.

ಬಾಟಲಿಗಳನ್ನು ಯಂತ್ರಕ್ಕೆ ಕೊಟ್ಟಾಗ ಕುರಿ ಮಲಗಿದ ಚೌಕ ಯೂರಿಯಾ ಚೌಕವನ್ನೂ ಮೀರಿಸಿತ್ತು. ಬೈಸಿಕೊಳ್ಳಲು ಸಿದ್ಧಳಾಗಿ ಮುಖ್ಯಸ್ಥರ ಮುಂದೆ ನಿಂತೆ. ಅವರು ಕನ್ನಡಕ ಹಣೆಗೇರಿಸಿದರು. "ಹಾಳೇನಾಯ್ತು? ನಮ್ಮ ರೈತರು ಮಾಡೋದು ಇದನ್ನೇ. ನಾವು ಅಳೀಬೇಕಾಗಿದ್ದೂ ಇದನ್ನೇ, ನನಗೇ ಹೊಳೀಲಿಲ್ಲ. ಖಾಲಿ ಚೌಕ ಇನ್ನೊಂದು ಗುರುತು ಮಾಡಿ, ಇನ್ನೊಂದು ವರ್ಷ ನಡೆಸಿ" ಎಂದರು.

ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಎಂದುಕೊಂಡೆ. ಮರುದಿನವೇ ಬಾಳೆಹಣ್ಣು, ಎಲೆ ಅಡಿಕೆ ಕಟ್ಟಿಸಿಕೊಂಡು ಓಡಿದೆ. ತಪ್ಪಾಯಿತು ಅಜ್ಜಿ, ನೀವು ಮಾಡಿದ್ದೇ ಸರಿಯಂತೆ, ನಮ್ಮ ಸಾರ್ ಹೇಳಿದರು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಹಣ್ಣು ತೆಗೆದುಕೊಂಡಳು. ಕೋಪ ಕಾಣಲಿಲ್ಲ. ಕೋಪವಿದ್ದಿದ್ದರೆ ಕಾಲು ಹಿಡಿದು ಕರಗಿಸುತ್ತಿದ್ದೆ.

"ನಮಗೇನು ತಿಳೀತದೆ ಬುಡಿ" ಎಂದಳು. "ಹೊಸ ಚೌಕ ಎಲ್ಲಿ ಬೇಕು ಅಂತ ತೋರ್ಸಿ."

ತೋರಿಸಿದೆ. ಮುಂದಿನ ವಾರ ಹೋದಾಗ ಅದರ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತ್ತು, ಸೊಂಟದೆತ್ತರ, ಕೋಳಿಮರಿಯೂ ನುಗ್ಗದ ಹಾಗೆ. ನಾನು ಒಬ್ಬಳು ಹೋಗುವಷ್ಟು ಸಂದು ಬಿಟ್ಟಿದ್ದಳು. ಡಬ್ಬಿ ಹೂತು ಒಳಗೆ ಕುಳಿತೆ. ಅವಳು ಹೊಲದ ಆ ತುದಿಯಲ್ಲಿ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದಳು. ಅಜ್ಜಿ, ಬನ್ನಿ ಕೂತ್ಕೊಳ್ಳಿ ಎಂದು ಕೂಗಿದೆ. "ಬ್ಯಾಡ ಕಣಮ್ಮ, ಏನಾನ ಕೆಟ್ಟೋದಾತು" ಎಂದು ಅಲ್ಲಿಂದಲೇ ಕೈಯಾಡಿಸಿದಳು. ವ್ಯಂಗ್ಯವಾಗಿ ಅಲ್ಲ, ನಿಜಕ್ಕೂ ಹೆದರಿಕೊಂಡು ಹೇಳಿದಳು.

ಆ ಎರಡನೆಯ ವರ್ಷದ ನನ್ನ ಅಂಕಿಗಳಲ್ಲಿ ಒಂದೂ ದೋಷವಿಲ್ಲ. ಮಳೆ, ಮಾಗಿ, ಬೇಸಿಗೆ ಮೂರೂ ಕಾಲ ಆ ಬೇಲಿಯೊಳಗೆ ನನ್ನ ಕಾಲು ಬಿಟ್ಟು ಇನ್ನೊಬ್ಬರ ಕಾಲು ಬೀಳಲಿಲ್ಲ.