ಆಲಿಕೆ ಶಾಲೆಯ ನೆಲ

ನಿನ್ನೆ ಸೊಸೆ ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆರೆದಳು. ತಳದಲ್ಲಿ ಮರೆತುಹೋಗಿದ್ದ ಜೋಳದ ಮುಗ್ಗಲು ವಾಸನೆ ಪಡಸಾಲೆಗೆ ಬಂದು ನನ್ನ ಮೂಗಿಗೆ ತಾಗಿತು. ಚಹಾದ ಕಪ್ಪು ಕೆಳಗಿಟ್ಟೆ. ವಾಸನೆಗೆ ಯಾರೂ ದಾರಿ ತೋರಿಸಬೇಕಿಲ್ಲ ನೋಡಿ. ಬೆಟಗೇರಿಯ ಮನೆಯಿಂದ ಅದು ನನ್ನನ್ನು ನೇರವಾಗಿ ಡಂಬಳಕ್ಕೆ ಒಯ್ದು, ಆ ಮಧ್ಯಾಹ್ನದಲ್ಲಿ ನಿಲ್ಲಿಸಿತು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಕಾಗದಪತ್ರದಲ್ಲಿ ಧಾರವಾಡ ಎಂದು ಬರೆದು ಹೊಡೆದುಹಾಕುವ ಚಾಳಿ ನನಗಿನ್ನೂ ಹೋಗಿರಲಿಲ್ಲ. ಡಂಬಳದ ಒಂದು ಹಳೆಯ ವಾಡೆಯಲ್ಲಿ ಹೊಸದಾಗಿ ಶುರುವಾದ ಶಾಲೆಗೆ ನಾನು ಮಾಸ್ತರನಾಗಿ ಸೇರಿದ್ದೆ. ಶಾಲೆಯ ಹೆಸರು ‘ಆಲಿಕೆ’. ಅದನ್ನು ಕಟ್ಟಿ, ಅಲ್ಲೇ ಕಲಿಸುತ್ತಿದ್ದ ಗಂಗಮ್ಮ ಅಕ್ಕೋರೇ ಇಟ್ಟ ಹೆಸರು. ಊರವರಿಗೆ ಅದು ಅರ್ಥವಾಗದೆ ಕೆಲವರು ‘ಆಲಿಕಲ್ಲಿನ ಶಾಲಿ’ ಎಂದರು, ಕೆಲವರು ‘ಅಲಿಸಾಬರ ಶಾಲಿ’ ಎಂದರು. ಬೀಗರ ಊರಿನಲ್ಲಿ ಎಲ್ಲಿ ಕೆಲಸ ಎಂದು ಕೇಳಿದರೆ ನಾನು ಮಾತು ಬದಲಿಸುತ್ತಿದ್ದೆ.

ಅಕ್ಕೋರು ಮಾತ್ರ ಆ ಹೆಸರನ್ನು ಬೋರ್ಡಿಗೆ ಬಿಟ್ಟು ಸುಮ್ಮನಾಗಲಿಲ್ಲ. ಊಟದ ಬಿಡುವಿನ ನಂತರ ಮಕ್ಕಳೂ ಮಾಸ್ತರರೂ ಕಲ್ಲುಹಾಸಿನ ಮೇಲೆ ಕೂತು, ಕಣ್ಣು ಮುಚ್ಚಿ ಆಲಿಸಬೇಕು. ಆಮೇಲೆ ಒಬ್ಬೊಬ್ಬರೂ ಕೇಳಿಸಿದ್ದನ್ನು ಹೇಳಬೇಕು. ಅಲ್ಲಿ ತಪ್ಪು ಉತ್ತರ ಇರಲಿಲ್ಲ. ಊಟವಾದ ಮೇಲೆ ಕಣ್ಣು ಮುಚ್ಚಿದರೆ ನನಗೆ ಕೇಳಿಸುತ್ತಿದ್ದುದು ನನ್ನದೇ ಗೊರಕೆ. ಮಕ್ಕಳು ಅದನ್ನೂ ಪ್ರಾಮಾಣಿಕವಾಗಿ ವರದಿ ಮಾಡುತ್ತಿದ್ದರು.

ಆ ವರ್ಷ ಕಲಾಯಿ ಹಾಕುವ ಮೌಲಾಸಾಬ ತನ್ನ ಮಗಳು ರಾಜಮಾಳನ್ನು ಕರೆತಂದ. ಹುಟ್ಟುಕಿವುಡಿ.

“ಅಕ್ಕೋರ, ಕಿವಿ ಕೇಳದ ಹುಡಿಗಿ ಆಲಿಕಿ ಶಾಲ್ಯಾಗ ಏನ ಮಾಡ್ಯಾಳ್ರಿ?” ಎಂದೆ.

“ಕಿವಿ ಇದ್ದವರಿಗಷ್ಟ ಅಂತ ಬೋರ್ಡಿನ್ಯಾಗ ಬರಿಸೀನೇನ್ರಿ? ಹೆಸರ ಇಟ್ಟ ಮ್ಯಾಲ ಅದಕ್ಕ ತಕ್ಕಂಗ ನಡೀಬೇಕು. ಆಕೀ ಮಾತ ಕೇಳೂದು ನಮಗ ಬರತೈತೋ ಇಲ್ಲೋ, ಮೊದಲ ಅದನ್ನ ನೋಡೂಣು.”

ಎಲ್ಲರೂ ಕಣ್ಣು ಮುಚ್ಚಿದಾಗ ರಾಜಮಾ ಅಂಗೈಯನ್ನು ನೆಲಕ್ಕೆ ಒತ್ತಿ ಕೂರುತ್ತಿದ್ದಳು. ಬೀದಿಯಲ್ಲಿ ಚಕ್ಕಡಿ ಹೋದರೆ ನಮಗಿಂತ ಮೊದಲು ಅವಳ ಮುಖ ಅರಳುತ್ತಿತ್ತು.

ಒಂದು ಮಧ್ಯಾಹ್ನ ಅವಳು ಎದ್ದುಬಂದು ಅಕ್ಕೋರ ಸೀರೆ ಹಿಡಿದೆಳೆದಳು. ನೆಲ ತೋರಿಸಿದಳು. ಬೆರಳ ಗೆಣ್ಣಿನಿಂದ ತನ್ನ ಎದೆಯ ಮೇಲೆ ಬಡಿದು ತೋರಿಸಿದಳು. ಟಕ್, ಟಕ್. ಸ್ವಲ್ಪ ತಡೆದು ಮತ್ತೆ ಟಕ್.

“ಕೆಳಗ ಯಾರೋ ಬಡ್ಯಾಕತ್ತಾರಂತ,” ಎಂದರು ಅಕ್ಕೋರು.

ನಾವೆಲ್ಲ ನೆಲಕ್ಕೆ ಕಿವಿಯಿಟ್ಟೆವು. ಕಲ್ಲು ತಣ್ಣಗಿತ್ತು, ಒಂದು ಸದ್ದೂ ಇರಲಿಲ್ಲ. “ಇಲಿ ಇರಬೇಕ್ರಿ,” ಎಂದೆ. ಅಕ್ಕೋರು ನನ್ನನ್ನು ಕೇಳಿಸಿಕೊಳ್ಳಲಿಲ್ಲ. ಹುಡುಗಿಯ ಕೈಯನ್ನೇ ನೋಡುತ್ತಿದ್ದರು. ಅವಳು ಅಂಗೈಯಿಂದ ನೆಲ ತಡವುತ್ತ, ಮೊಣಕಾಲಲ್ಲೇ ಹಿಂದಿನ ಗೋಡೆಯವರೆಗೆ ಹೋಗಿ, ಗೋಡೆಯಾಚೆಗೆ ಕೈಮಾಡಿದಳು.

ಆಚೆ ಪಕ್ಕದ ಮನೆಯ ಹನುಮಪ್ಪನ ಹಿತ್ತಲು. ಅಲ್ಲಿ ಅವರ ಹಗೇವು, ಅಂದರೆ ನೆಲದೊಳಗೆ ಜೋಳ ತುಂಬಿಡುವ ಆಳದ ಕಣಜ. ನಾವು ಓಡಿದಾಗ ಹಿತ್ತಲಲ್ಲಿ ನರಪಿಳ್ಳೆ ಇರಲಿಲ್ಲ. ಹಗೇವಿನ ಬಾಯಿಯ ಕಲ್ಲು ಸರಿದಿತ್ತು. ಪಕ್ಕದಲ್ಲಿ ಒಂದು ಬುಟ್ಟಿ, ಒಂದು ಜೊತೆ ಹೆಂಗಸಿನ ಚಪ್ಪಲಿ. ಒಳಗಿನಿಂದ ಬೆಚ್ಚಗಿನ ಮುಗ್ಗಲು ವಾಸನೆ ಉಸಿರಿನಂತೆ ಏಳುತ್ತಿತ್ತು.

ನಾನು ಇಳಿಯಲು ಹೊರಟೆ. ಅಕ್ಕೋರು ಅಂಗಿ ಹಿಡಿದು ಜಗ್ಗಿದರು. “ಹಗೇವಿನ ಗಾಳಿ ಕೊಲ್ಲತೈತ್ರಿ! ಮೊದಲ ಗಾಳಿ ಆಡಸ್ರಿ!” ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಬಾವಿ ಸೇದುವಂತೆ ಮೇಲೆ ಕೆಳಗೆ ಬೀಸಿದೆವು. ನಮ್ಮ ಕೂಗು ಕೇಳಿ ಓಡಿಬಂದ ಮೌಲಾಸಾಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹನುಮಪ್ಪನ ಹೆಂಡತಿ ಕಸ್ತೂರೆವ್ವನನ್ನು ಮೇಲೆತ್ತಿದಾಗ ಅವಳ ತುಟಿ ನೀಲಿಗಟ್ಟಿತ್ತು. ಮುಖಕ್ಕೆ ನೀರು ಹೊಡೆದು ಗಾಳಿ ಹಾಕಿದೆವು. ಬಹಳ ಹೊತ್ತಿನ ಮೇಲೆ ಕೆಮ್ಮಿದಳು.

ಸಂಜೆ ಅವಳು ಗೋಡೆಗೊರಗಿ ಕೂತಿದ್ದಾಗ ಅಕ್ಕೋರು ತಲೆ ಸವರಿದರು. “ನೀ ಬಡದದ್ದು ಚಲೋ ಆತವಾ. ಇಲ್ಲಾಂದ್ರ ನಮಗ ಖಬರನ ಇರತಿರಲಿಲ್ಲ.”

ಕಸ್ತೂರೆವ್ವ ಅವರ ಮುಖ ನೋಡಿದಳು. “ನಾ ಎಲ್ಲಿ ಬಡದೇನ್ರೀ ಅಕ್ಕೋರ? ಕಾಲ ಇಟ್ಟಕೂಡ್ಲೇ ಕಣ್ಣಿಗೆ ಕತ್ತಲಿ ಬಂತು. ಬಿದ್ದದ್ದೂ ನೆಪ್ಪಿಲ್ಲ. ಖರೇನ, ನಾ ಬಡದಿಲ್ಲ.”

ಮೌಲಾಸಾಬ ಹಗೇವಿನ ಕಡೆ ನೋಡಿ ಬೇರೆ ಕಡೆ ತಿರುಗಿದ. ನಾವು ಶಾಲೆಗೆ ಮರಳಿದಾಗ ರಾಜಮಾ ಒಬ್ಬಳೇ ಕಲ್ಲುಹಾಸಿನ ಮೇಲೆ ಕೂತಿದ್ದಳು, ಅಂಗೈ ನೆಲದ ಮೇಲಿತ್ತು. ಬಡಿತ ನಿಂತಿತೇ ಎಂದು ಅಕ್ಕೋರು ಸನ್ನೆಯಲ್ಲಿ ಕೇಳಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಹೆದರಿದ್ದು ನಾನು, ಅವಳಲ್ಲ.

ಮರುದಿನ ಅಕ್ಕೋರು ಗೋಡೆಯ ಬುಡದ ಕಲ್ಲು ಕೀಳಿಸಿ ನೋಡಿದರು. ಗಟ್ಟಿ ಎರೆಮಣ್ಣು, ಇನ್ನೇನೂ ಇಲ್ಲ. “ತಿಳೀಲಿಲ್ಲ ಅಂದ್ರ ಇಲ್ಲ ಅಂತ ಅಲ್ಲ,” ಎಂದು ಕಲ್ಲು ಕೂಡಿಸಿದರು. ಮಧ್ಯಾಹ್ನ ಎಂದಿನಂತೆ ಎಲ್ಲರನ್ನೂ ಕೂರಿಸಿದರು. ಆಮೇಲೆ ನನಗೆ ಅಲ್ಲಿ ನಿದ್ದೆ ಬಂದದ್ದಿಲ್ಲ. ಎರಡು ವರ್ಷದ ಮೇಲೆ ಸರಕಾರಿ ನೌಕರಿ ಸಿಕ್ಕು ಲಕ್ಷ್ಮೇಶ್ವರಕ್ಕೆ ಹೋದೆ. ಅಕ್ಕೋರು ತೀರಿಹೋಗಿ ಬಹಳ ಕಾಲವಾಯಿತು.

ಇವತ್ತು ಮನಸ್ಸು ತಡೆಯದೆ ಬೆಳಗಿನ ಬಸ್ಸಿಗೆ ಡಂಬಳಕ್ಕೆ ಹೋದೆ. ಶಾಲೆ ಅದೇ ವಾಡೆಯಲ್ಲಿದೆ. ರಾಜಮಾ ಈಗ ಅಲ್ಲಿಯ ಅಕ್ಕೋರು. ಊಟದ ಬಿಡುವು ಮುಗಿದು ಮಕ್ಕಳು ಕಣ್ಣು ಮುಚ್ಚಿದ್ದರು. ನಾನು ಎದೆಯ ಮೇಲೆ ಗೆಣ್ಣಿನಿಂದ ಬಡಿದು, ಹುಬ್ಬಿನಲ್ಲೇ ಕೇಳಿದೆ: ಇನ್ನೂ ಐತೇನು? ಅವಳು ನನ್ನನ್ನು ಕೂರಿಸಿ, ನನ್ನ ಅಂಗೈಯನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ತನ್ನ ಕೈ ಒತ್ತಿದಳು.

ಕೊನೆಗೆ ಮಕ್ಕಳು ಒಬ್ಬೊಬ್ಬರಾಗಿ ಕೇಳಿಸಿದ್ದನ್ನು ಹೇಳಿದರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ನನ್ನತ್ತ ತಿರುಗಿ, “ಅಜ್ಜಾರ, ನಿಮಗೇನ ಕೇಳ್ತ್ರಿ?” ಎಂದಳು.

“ಇನ್ನೂ ಇಲ್ಲ ಯವ್ವಾ,” ಎಂದೆ. ಕೈ ಮಾತ್ರ ತೆಗೆಯಲಿಲ್ಲ.