ಹಿಂದಿನ ಕೋಣೆಗೆ ಎಳೆದ ಕೇಬಲ್

ಬೆಳಕು ಹರಿಯುವ ಮುಂಚೆ ಅವಳು ತೊಟ್ಟಿಗೆ ನೀರು ಬಿಡುತ್ತಾಳೆ, ಹಾಲು ಕಾಯಿಸುತ್ತಾಳೆ, ಸೊಂಟ ಮುರಿದು ಮಲಗಿರುವ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಾಳೆ, ಹಾಸಿಗೆಯ ಬಟ್ಟೆ ಬದಲಿಸುತ್ತಾಳೆ, ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಾಳೆ, ಮೈದುನನ ಕಾಲುಚೀಲದ ಜೋಡಿ ಹುಡುಕಿಡುತ್ತಾಳೆ, ಮೂರು ಡಬ್ಬಿಗೆ ಊಟ ತುಂಬುತ್ತಾಳೆ. ಭಾನುವಾರ ಡಬ್ಬಿಗಳಿಲ್ಲ. ಈ ಭಾನುವಾರ ಹಾಗೆ ಉಳಿದ ಅರ್ಧ ಗಂಟೆಯಲ್ಲಿ, ಮನೆಯೆಲ್ಲ ಮಲಗಿರುವಾಗ, ಅವಳು ನಡುಮನೆಯ ಕಿಟಕಿಯಿಂದ ಹಿಂದಿನ ಕೋಣೆಯವರೆಗೂ ಗೋಡೆ ಅಳೆದಳು.

ಅಳೆಯುವುದು ಅವಳ ಕಸುಬು. ಪರದೆ ಹೊಲಿಯುವ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾಳೆ. ಕುತ್ತಿಗೆಯಿಂದ ಟೇಪು ಇಳಿಯದ ಕಾರಣ ಅಲ್ಲಿ ಎಲ್ಲರಿಗೂ ಟೇಪಕ್ಕ. ಪರದೆಯ ಸರಳು ಕೂರಿಸಲು ಕಂಡವರ ಮನೆಯ ಎಷ್ಟೋ ಗೋಡೆಗಳನ್ನು ಕೊರೆದಿದ್ದಾಳೆ. ತನ್ನ ಮನೆಯಲ್ಲಿ ಮಾತ್ರ ಒಂದು ಮೊಳೆ ಹೊಡೆಯಲೂ ಗಂಡಸರ ಬಿಡುವಿಗೆ ಕಾಯಬೇಕು.

ಟಿವಿ ಇದ್ದದ್ದು ನಡುಮನೆಯಲ್ಲಿ. ಅತ್ತೆ ಬಿದ್ದ ಮೇಲೆ ಮೂರು ತಿಂಗಳಿಂದ ಹಿಂದಿನ ಕೋಣೆಯಲ್ಲಿ ಮಲಗಿ ಸಂಜೆ ಆರರ ಧಾರಾವಾಹಿಯನ್ನು ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಅತ್ತದ್ದು ಯಾರು, ಬಾಗಿಲು ಹಾಕಿದ್ದು ಯಾರು ಎಂದು ಸೊಸೆಯನ್ನು ಕೇಳುತ್ತಿದ್ದರು. ಹಳೆಯ ಟಿವಿ ಬೀರುವಿನ ಮೇಲೆ ಸೂಟ್‌ಕೇಸು ಹೊತ್ತು ಕೂತಿತ್ತು. ಅದಕ್ಕೊಂದು ಕೇಬಲ್ ಎಳೆಸಬೇಕು ಎಂದರೆ ಗಂಡ, ಕೇಬಲ್‌ನವನಿಗೆ ಹೇಳಿದ್ದೀನಲ್ಲ ಎನ್ನುತ್ತಿದ್ದ. ಕೇಬಲ್‌ನವನು ನಾಳೆ ಎನ್ನುತ್ತಿದ್ದ. ಕೊನೆಗೆ ಅವಳೇ ಅತ್ತೆಗೆ ಮಾತು ಕೊಟ್ಟಳು: ಭಾನುವಾರ ಆರಕ್ಕೆ ನಿಮ್ಮ ಕೋಣೆಯಲ್ಲೇ ಚಿತ್ರ ಬರುತ್ತದೆ.

"ನೀನು ಕೈ ಹಾಕಿ ಕೆಡಿಸಿದ್ರೆ, ಇನ್ಮೇಲೆ ಈ ಮನೇಲಿ ಒಂದು ಸ್ವಿಚ್ಚೂ ಮುಟ್ಟಬೇಡ," ಎಂದ ಗಂಡ.

"ಮಿಕ್ಸೀದೂ ಸೇರಿ ತಾನೆ?" ಎಂದು ಕೇಳಿದಳು.

ಅಂಗಡಿಯಿಂದ ಡ್ರಿಲ್ಲಿಂಗ್ ಮೆಷಿನ್ ತಂದಿದ್ದಳು, ನಡುವಿನ ಗೋಡೆ ಕೊರೆದಳು. ಒಂದು ಕೇಬಲನ್ನು ಮೂರಾಗಿ ಒಡೆಯುವ ಬೆರಳುದ್ದದ ಡಬ್ಬಿ, ಅದೇ ಸ್ಪ್ಲಿಟರ್, ಹೊರಗಿನ ಕೇಬಲ್ ಒಳಬರುವ ನಡುಮನೆಯ ಕಿಟಕಿಯ ಬಳಿ ಕೂತಿತು. ಕೇಬಲಿನ ಕಪ್ಪು ತೊಗಟೆ ಸುಲಿದು, ಒಳಗಿನ ಕೂದಲೆಳೆಯಂಥ ತಂತಿಗಳನ್ನು ಹಿಂದಕ್ಕೆ ಬಾಚಿ, ನಡುವಿನ ತಾಮ್ರದ ಕಡ್ಡಿಗೆ ಒಂದೂ ತಾಗದಂತೆ ಕನೆಕ್ಟರ್ ತಿರುಗಿಸಿದಳು. ಸೂಜಿಗೆ ದಾರ ಪೋಣಿಸಿದ ಕೈಗೆ ಅದೇನು ಮಹಾ. ಪರದೆ ಹೊಲಿದಷ್ಟು ಸುಲಭ ಅಲ್ಲ ಅತ್ತಿಗೆ ಎಂದು ಹಂಗಿಸುತ್ತಲೇ ಮೈದುನ, ಕೇಬಲ್ ಹಾಯಲೆಂದು ಸೋಫಾದಿಂದ ಕಾಲೆತ್ತಿದ. ಆ ದಿನ ಅವನು ಮಾಡಿದ ಸಹಾಯ ಅದೊಂದೇ.

ನಾಲ್ಕು ಗಂಟೆಗೆ ಹಳೆಯ ಟಿವಿ ಹಾಕಿದರೆ ಬರೀ ಕಾಳುಕಾಳು. ನಡುಮನೆಯಲ್ಲಿ ಚಿತ್ರ ಚೆನ್ನಾಗಿಯೇ ಇತ್ತು. ನಾನು ಹೇಳಲಿಲ್ಲವಾ ಎಂಬ ಮುಖ ಹೊತ್ತು ಗಂಡ ಕೇಬಲ್‌ನವನನ್ನು ಕರೆಯಲು ಫೋನು ಕೈಗೆತ್ತಿಕೊಂಡ. ಆದರೆ ಅವಳನ್ನು ಚುಚ್ಚಿದ್ದು ಅತ್ತೆಯ ಸಮಾಧಾನ.

"ಇರಲಿ ಬಿಡು ಮಗಳೇ. ದನಿಯಂತೂ ಕೇಳತ್ತಲ್ಲ, ಅಷ್ಟೇ ಸಾಕು."

ಅವಳು ಕೇಬಲಿನುದ್ದಕ್ಕೂ ಬೆರಳಾಡಿಸುತ್ತ ಬಂದಳು. ಹಿಂದಿನ ಕೋಣೆಯ ಮೂಲೆಯಲ್ಲಿ, ಟಿವಿಗೆ ಒಂದು ಗೇಣು ಇರುವಾಗ, ಬೆರಳು ನಿಂತಿತು. ಪರದೆಯ ಅಂಚನ್ನು ಉಗುರಿನಿಂದ ತೀಡಿ ಮಡಿಸುವಂತೆ ಅಲ್ಲಿ ಕೇಬಲನ್ನೂ ಮೂಲೆಗೆ ಒತ್ತಿ ಗೆರೆ ಬೀಳುವ ಹಾಗೆ ಮಡಿಸಿದ್ದಳು. ನೋಡಲು ಎಷ್ಟು ನೀಟು! ಒಳಗೆ ತಾಮ್ರವೇ ಮುರಿದಿತ್ತು.

ಕೆಡಿಸಿದ್ದೂ ಹೊಲಿಗೆಯ ಕೈ, ಕಾಪಾಡಿದ್ದೂ ಅದೇ. ಏನು ಅಳೆದರೂ ಒಂದಿಷ್ಟು ಹೆಚ್ಚಿಗೆ ಬಿಡುವ ರೂಢಿಯಿಂದ ನಡುಮನೆಯ ಕಡೆ ಮೊಳದುದ್ದ ಸುತ್ತಿಟ್ಟಿದ್ದಳು. ಮಡಿಕೆ ಬಿದ್ದ ತುದಿಯನ್ನು ಕತ್ತರಿಸಿ, ಗೋಡೆಯ ಕ್ಲಿಪ್ಪು ಸಡಿಲಿಸಿ, ಸುತ್ತಿಟ್ಟದ್ದನ್ನು ಎಳೆದುಕೊಂಡು, ಹೊಸ ತುದಿಗೆ ಕನೆಕ್ಟರ್ ತಿರುಗಿಸಿ, ಈ ಸಲ ಲೋಟದ ಬಾಯಷ್ಟು ದುಂಡಗೆ ಬಾಗಿಸಿದಳು.

ಆರಕ್ಕೆ ಐದು ನಿಮಿಷವಿರುವಾಗ ಚಿತ್ರ ಬಂತು, ಕನ್ನಡಿಯ ಹಾಗೆ.

ಧಾರಾವಾಹಿ ಶುರುವಾದದ್ದೇ ಅತ್ತೆ ದಿಂಬಿಗೆ ಒರಗಿ ಕಣ್ಣು ಕಿರಿದು ಮಾಡಿದರು. "ಹೊಸದಾಗಿ ಬಂದ ಡಾಕ್ಟ್ರು ಇವನೇನಾ? ಇಷ್ಟು ಕುಳ್ಳನಾ? ದನಿ ಕೇಳಿ ಆರಡಿ ಆಳು ಅಂದ್ಕೊಂಡಿದ್ದೆ."

ಪಕ್ಕದ ಮನೆಯಾಕೆ ನೋಡಲು ಬಂದಳು. ನಾವೇ ಎಳೆದದ್ದು ಎಂದು ಗಂಡ ಎದೆಯುಬ್ಬಿಸಿದ.

"ನಾವಲ್ಲ, ಅವಳು," ಎಂದರು ಅತ್ತೆ, ಟಿವಿಯಿಂದ ಕಣ್ಣು ಕೀಳದೆ.

ಅವಳಿಗೆ ಅಂಗಡಿಯಲ್ಲಿ ಹೊಗಳಿಕೆ ಹೊಸದಲ್ಲ. ಮನೆಯಲ್ಲಿ ಕೇಳಿದ್ದು ಇದೇ ಮೊದಲು. ನಗು ಬಂದರೂ ತುಟಿ ಬಿಗಿಹಿಡಿದು ಗೋಡೆಯ ಧೂಳು ಗುಡಿಸಿದಳು. ಪೊರಕೆ ಎಂದಿನಂತೆ ಅವಳ ಕೈಗೇ ಬಂದಿತ್ತು.

ಗಂಡನ ಮನಸ್ಸೂ ಕರಗಿತ್ತು. "ಸ್ಪ್ಲಿಟರಲ್ಲಿ ಇನ್ನೊಂದು ಬಾಯಿ ಉಳಿದಿದೆಯಲ್ಲ, ಅದರಿಂದ ಅಡುಗೆಮನೆಗೂ ಎಳ್ಕೊ. ಅಡುಗೆ ಮಾಡ್ತಾ ಮಾಡ್ತಾ ನೋಡಬಹುದು." ಚಿಕ್ಕ ಟಿವಿ ತಾನು ಹುಡುಕಿ ಕೊಡುತ್ತೇನೆ ಎಂದು ಮೈದುನನೂ ದನಿಗೂಡಿಸಿದ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಟೇಪು ಹಿಡಿದು ಒಬ್ಬಳೇ ಅಡುಗೆಮನೆಗೆ ಹೋದಳು. ಒಲೆಯ ಮೇಲಿನ ಹಲಗೆಯಲ್ಲಿ ಜಾಗವಿತ್ತು. ಕೇಬಲೂ ಸಾಲುತ್ತಿತ್ತು. ಒಲೆಯ ಮುಂದೆ ನಿಂತು ಆ ಹಲಗೆಯನ್ನೇ ನೋಡಿದಳು. ಇಲ್ಲಿಗೂ ಚಿತ್ರ ಬಂದರೆ, ಈ ಬಾಗಿಲು ದಾಟಿ ಆಚೆ ಬರಲು ತನಗೆ ಇನ್ನು ಯಾವ ನೆಪವೂ ಇರುವುದಿಲ್ಲ.

ಟೇಪು ಸುತ್ತಿಕೊಂಡಳು. ಕಿಟಕಿಯ ಬಳಿ ಹೋಗಿ ಸ್ಪ್ಲಿಟರಿನ ಮೂರನೆಯ ಬಾಯಿಗೆ ಮುಚ್ಚಳ ತಿರುಗಿಸಿದಳು. ಆರರಿಂದ ಏಳರವರೆಗೆ ಇನ್ನು ಈ ಮನೆಯ ಒಲೆ ಉರಿಯುವುದಿಲ್ಲ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿ, ನಡುಮನೆಯ ಮೆತ್ತೆಯ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅತ್ತೆಯ ಮಂಚದ ಪಕ್ಕ ಹಾಕಿ ಕೂತಳು.