ಬೆರಳು ಬೇಡದ ಸ್ವರ

ಅಡುಗೆಗೆ ಬಳಸುವ ಉದ್ದನೆಯ ಚಾಪ್‌ಸ್ಟಿಕ್ ಅದು. ತುದಿ ಅರ್ಧ ಇಂಚಿನಷ್ಟು ಸುಟ್ಟು ಕಪ್ಪಾಗಿತ್ತು. ಅದರ ಜೊತೆಯ ಕಡ್ಡಿ ಮನೆಯಲ್ಲೇ ಇದೆ ಎಂದು ನಮ್ಮ ಟೀಚರ್ ನಿಶಿಗಾಕಿ ಸೆನ್ಸೇ ಹೇಳುತ್ತಿದ್ದರು. ಬ್ಯಾಂಡ್ ನಡೆಸುವವರು ಹಿಡಿಯುವ ಬಿಳಿಯ ಕೋಲನ್ನು ಕೊಳ್ಳಲು ಅವರಿಗೆ ಸಂಕೋಚ. "ಅದು ಸಂಗೀತ ಗೊತ್ತಿರೋರ ಕೈಗೆ. ನಾನು ಬರೀ ಕಲಕೋಳು" ಎಂದು ಕಡ್ಡಿ ಎತ್ತಿದರೆ ನಾವು ಹತ್ತೊಂಬತ್ತು ಮಂದಿ ನೆಟ್ಟಗೆ ಕೂರುತ್ತಿದ್ದೆವು.

ಜಪಾನಿನ ಕಾಶಿವಾ ಊರಿನ ನಮ್ಮ ಮಿಡಲ್ ಸ್ಕೂಲಿನಲ್ಲಿ ಅವರು ವಿಜ್ಞಾನದ ಟೀಚರ್. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಸಂಗೀತದ ಟೀಚರ್ ಹೆರಿಗೆ ರಜೆಯ ಮೇಲೆ ಹೋದಾಗ ಬ್ಯಾಂಡಿನ ಜವಾಬ್ದಾರಿ ಇವರ ಹೆಗಲಿಗೆ ಬಿತ್ತು. ಒಂದು ವಾದ್ಯವನ್ನೂ ಅವರು ನುಡಿಸಲಾರರು. ಅಭ್ಯಾಸ ಶುರುವಾಗುವ ಮುನ್ನ ಹಲಗೆಯ ಮೂಲೆಯಲ್ಲಿ ಆ ದಿನದ ಉಷ್ಣಾಂಶ, ತೇವಾಂಶಗಳನ್ನು ಬರೆಯುತ್ತಿದ್ದರು. ತಪ್ಪು ಸ್ವರ ಕೇಳಿಸಿದರೆ ಗದರುತ್ತಿರಲಿಲ್ಲ. "ಓಹ್, ಇದು ಹೊಸ ಫಲಿತಾಂಶ" ಎನ್ನುತ್ತಿದ್ದರು.

ನಾನು ಮೈಸೂರಿನಿಂದ ಬಂದು ಆಗಿನ್ನೂ ಐದು ತಿಂಗಳು. ಅಪ್ಪನಿಗೆ ಇಲ್ಲಿನ ಕ್ಯಾಂಪಸ್ಸಿನಲ್ಲಿ ಸಂಶೋಧನೆಯ ಕೆಲಸ. ಹದಿಮೂರು ವರ್ಷದ ನನಗೆ ಜಪಾನಿ ಭಾಷೆ ಅರ್ಧ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮಾತಾಡದೆಯೂ ಇರಬಹುದಾದ ಕ್ಲಬ್ ಎಂದು ಬ್ಯಾಂಡಿಗೆ ಸೇರಿದೆ. ಯಾರೂ ಆರಿಸದೆ ಉಳಿದಿದ್ದ ಯುಫೋನಿಯಂ ನನಗೆ ಸಿಕ್ಕಿತು. ಮಡಿಲಲ್ಲಿಟ್ಟು ಅಪ್ಪಿ ಹಿಡಿಯಬೇಕಾದ ಹಿತ್ತಾಳೆಯ ವಾದ್ಯ. ಮೇಲೆ ಬೆರಳಿಂದ ಒತ್ತುವ ಗುಂಡಿಗಳು. ಎರಡು ವಾರಗಳಲ್ಲಿ ಕೆಳಗಿನ ನಾಲ್ಕು ಸ್ವರ ಕಲಿತೆ. ಅಷ್ಟರಲ್ಲಿ ಸೋಂಕು ಹರಡಿ ಶಾಲೆಗಳು ಮುಚ್ಚಿದವು.

ಜೂನ್‌ನಲ್ಲಿ ಬಾಗಿಲು ತೆರೆದಾಗ ನಿಯಮ ಬಂದಿತ್ತು: ಊದುವಂತಿಲ್ಲ, ಹಾಡುವಂತಿಲ್ಲ, ಮಾಸ್ಕ್ ತೆಗೆಯುವಂತಿಲ್ಲ. ಬೇರೆಯವರಾಗಿದ್ದರೆ ಕ್ಲಬ್ಬಿಗೆ ಬೀಗ ಹಾಕುತ್ತಿದ್ದರು. ಸೆನ್ಸೇ ಒಂದು ಕೃತಿಯ ಹಾಳೆಗಳನ್ನು ಹಂಚಿದರು. ಸಂಜೆ ಹೊಳೆ ದಾಟುವ ದೋಣಿಯ ಬಗ್ಗೆ, ಹೊಸಬರ ಬ್ಯಾಂಡುಗಳಿಗೆಂದೇ ಬರೆದ ಮೂರು ನಿಮಿಷದ ಕೃತಿ. "ಊದಬೇಡಿ ಅಂದಿದಾರೆ. ನುಡಿಸಬೇಡಿ ಅಂತ ಯಾರೂ ಹೇಳಿಲ್ಲ" ಎಂದು ಕಡ್ಡಿ ಎತ್ತಿದರು.

ಹೀಗೆ ಎರಡು ತಿಂಗಳು ನಾವು ಆ ಕೃತಿಯನ್ನು ಸದ್ದಿಲ್ಲದೆ ನುಡಿಸಿದೆವು. ಕಿಟಕಿಗಳೆಲ್ಲ ತೆರೆದಿರುತ್ತಿದ್ದವು, ಪರದೆಗಳು ಉಬ್ಬಿ ಇಳಿಯುತ್ತಿದ್ದವು. ಕ್ಲಾರಿನೆಟ್ಟಿನ ಕೀಲಿಗಳು ಚಿಟಿಚಿಟಿ ಎನ್ನುತ್ತಿದ್ದವು, ಟ್ರಾಂಬೋನಿನ ಕೊಳವೆ ನೀರಿನಲ್ಲಿ ಜಾರಿದಂತೆ ಜಾರುತ್ತಿತ್ತು. ಹತ್ತೊಂಬತ್ತು ತಲೆಗಳೊಳಗೆ ಒಂದೇ ದೋಣಿ ಹೋಗುತ್ತಿತ್ತು. ಒಮ್ಮೆ ಕೊನೆಯ ಸ್ವರ ಮುಗಿದ ಮೇಲೆ ಯಾರೂ ಅಲುಗಾಡಲಿಲ್ಲ; ಆ ಸ್ವರ ಪೂರ್ತಿ ಆರಲಿ ಎಂದು ಕಾಯುತ್ತಿದ್ದೆವು. ಆ ದೇಶದಲ್ಲಿ ನಾನು ಎಲ್ಲರಂತೆ ಇದ್ದ ಮೊದಲ ದಿನಗಳು ಅವು.

ಕೃತಿಯ ನಡುವೆ ಎಂಟು ಬಾರ್‌ಗಳನ್ನು, ಅಂದರೆ ತಾಳದ ಎಂಟು ಆವರ್ತಗಳನ್ನು, ಒಬ್ಬರೇ ನುಡಿಸಬೇಕು. ಯುಫೋನಿಯಂ ಇಲ್ಲವೇ ಟ್ರಾಂಬೋನ್ ಎಂದು ಹಾಳೆಯಲ್ಲಿ ಅಚ್ಚಾಗಿತ್ತು. ಸೆನ್ಸೇ ಒಂದು ವಾರ ನನ್ನನ್ನೂ ಟ್ರಾಂಬೋನ್ ನುಡಿಸುವ ಹಾರುಕಾಳನ್ನೂ ಗಮನಿಸಿ, ನನಗೆ ಕೊಟ್ಟರು. "ನಂದಿತಾ ಸಾನ್‌ದು ಒಂದು ಬೆರಳೂ ತಪ್ಪಲ್ಲ, ಒಂದು ಎಣಿಕೆಯೂ ತಪ್ಪಲ್ಲ."

ಅವರಿಗೆ ತಿಳಿಯದಿದ್ದದ್ದು ಇದು: ಹಿತ್ತಾಳೆಯ ವಾದ್ಯದಲ್ಲಿ ಒಂದೇ ಬೆರಳಿಗೆ ಹಲವು ಸ್ವರಗಳಿರುತ್ತವೆ, ಯಾವುದು ಹೊರಡಬೇಕೆಂದು ನಿರ್ಧರಿಸುವುದು ತುಟಿ. ಆ ಎಂಟು ಬಾರ್‌ಗಳ ಶಿಖರವಾದ ಮೇಲಿನ ಬಿ-ಫ್ಲ್ಯಾಟ್ ಸ್ವರಕ್ಕೆ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ನಾಲ್ಕು ಎಣಿಕೆ ಕೈ ಕದಲಿಸದೆ ಇದ್ದರಾಯಿತು. ಅದನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ಆ ಸ್ವರವನ್ನು ಒಮ್ಮೆಯೂ ಊದಿರಲಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ.

ಆಗಸ್ಟ್‌ನಲ್ಲಿ ಹೊರಗಡೆ ಊದಲು ಅನುಮತಿ ಸಿಕ್ಕಿತು. ಈಜುಕೊಳದ ಗೋಡೆಯ ಹಿಂದೆ ಸೆನ್ಸೇ ಅಳತೆಪಟ್ಟಿ ಹಿಡಿದು ಎರಡೆರಡು ಮೀಟರಿಗೆ ಸುಣ್ಣದ ವೃತ್ತಗಳನ್ನು ಬರೆದಿದ್ದರು. ಎಲ್ಲರೂ ಒಟ್ಟಿಗೆ ಊದಿದಾಗ ಮೇಲಿನ ತಂತಿಯಿಂದ ಕಾಗೆಗಳು ಎದ್ದವು. ನನ್ನ ಸರದಿ ಬಂತು. ಬಿ-ಫ್ಲ್ಯಾಟ್ ಇರಬೇಕಾದಲ್ಲಿ ಬರೀ ಗಾಳಿ.

"ನಂದಿ-ಚಾನ್, ಸೈಕಲ್ ಪಂಕ್ಚರ್ ಆಯ್ತಾ?" ಎಂದಳು ಹಾರುಕಾ. ಎಲ್ಲರೂ ನಕ್ಕರು. ಸೆನ್ಸೇ ನಗಲಿಲ್ಲ. ಎಲ್ಲರನ್ನೂ ಕಳಿಸಿ ನನ್ನ ವೃತ್ತದ ಅಂಚಿಗೆ ಬಂದು ನಿಂತರು.

"ಯಾವಾಗಿಂದ?"

"ಮೊದಲಿಂದ."

"ಅಳೀಬೇಕಾದ್ದು ಬಿಟ್ಟು ಬೇರೇನೋ ಅಳೆದೆ. ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಸೊಂಟ ಬಾಗಿಸಿ ನಮಸ್ಕರಿಸಿದರು. ಟೀಚರ್ ಒಬ್ಬರು ನನಗೆ ಬಾಗಿದ್ದು ಅದೇ ಮೊದಲು. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಹಾರುಕಾಗೆ ಕೊಟ್ಬಿಡಿ."

"ಕೊಡಬಹುದು. ನಿನಗೆ ಬೇಡ ಅಂತಲಾ, ಬರಲ್ಲ ಅಂತಲಾ? ಎರಡನ್ನೂ ಒಂದೇ ಸಾಲಲ್ಲಿ ಬರೀಬಾರದು."

"ಬರಲ್ಲ" ಎಂದೆ. ಬೇಕಿತ್ತು. ಅಷ್ಟು ಬೇಕೆಂದು ಆಗಲೇ ಗೊತ್ತಾದದ್ದು.

"ಹಾಗಾದ್ರೆ ನಾಳೆ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ, ಇಲ್ಲೇ."

ಮಾರನೆಯ ದಿನ ಅವರ ಕೈಯಲ್ಲೂ ಒಂದು ಹೊಸ ಮೌತ್‌ಪೀಸ್ ಇತ್ತು. ವಾದ್ಯದ ತುದಿಗೆ ಸಿಕ್ಕಿಸಿ ಊದುವ ಆ ಸಣ್ಣ ಬಟ್ಟಲನ್ನು ತಾವೇ ಕೊಂಡಿದ್ದರು. ಕಲಿಸಲು ಬರುವುದಿಲ್ಲ, ಜೊತೆಯಲ್ಲಿ ಕಲಿಯಬಲ್ಲೆ ಎಂದರು. ಎರಡು ಮೀಟರ್ ದೂರದಲ್ಲಿ ಕೊಳಕ್ಕೆ ಮುಖ ಮಾಡಿ ನಿಂತು ಇಬ್ಬರೂ ತುಟಿ ಝೇಂಕರಿಸುತ್ತಿದ್ದೆವು. ಅವರಿಗೆ ಮೊದಲ ಸದ್ದು ಬರಲು ಐದು ವಾರ ಹಿಡಿಯಿತು. ಬಾತುಕೋಳಿಯಂಥ ಆ ಸದ್ದಿಗೆ ಅವರೇ ಕಣ್ಣೀರು ಬರುವಷ್ಟು ನಕ್ಕು, ನೋಟ್‌ಬುಕ್ಕಿನಲ್ಲಿ ವೇಳೆ ಬರೆದುಕೊಂಡರು.

ಅಪಾರ್ಟ್‌ಮೆಂಟಿನಲ್ಲಿ ಊದುವಂತಿರಲಿಲ್ಲ. ಹಾಸಿಗೆಗಳನ್ನಿಡುವ ಗೂಡಿನೊಳಗೆ ತಲೆ ತೂರಿಸಿ ಮೌತ್‌ಪೀಸ್ ಊದುತ್ತಿದ್ದೆ. ಅಮ್ಮ ಬಾಗಿಲು ಬಡಿದು, "ಏನೇ ಅದು, ರಜಾಯಿ ಒಳಗೆ ಜೀರುಂಡೆ ಸಾಕಿದ್ಯಾ? ಡೌನ್‌ಸ್ಟೇರ್ಸ್ ಅಜ್ಜಿ ಕಂಪ್ಲೇಂಟ್ ಮಾಡಿದ್ರೆ ನೀನೇ ಹೋಗಿ ಸುಮಿಮಾಸೆನ್ ಹೇಳ್ಬೇಕು, ನಾನಂತೂ ಹೋಗಲ್ಲ!" ಎನ್ನುತ್ತಿದ್ದಳು.

ಆ ಕೃತಿಯನ್ನು ನಾವು ಜನರೆದುರು ನುಡಿಸಬೇಕಿದ್ದ ಕಾನ್ಸರ್ಟ್ ಸೋಂಕಿನಿಂದಾಗಿ ನವೆಂಬರಿನಿಂದ ಜನವರಿಗೆ, ಜನವರಿಯಿಂದ ಮಾರ್ಚ್ ಕೊನೆಗೆ ಹೋಯಿತು. ಅಷ್ಟರಲ್ಲಿ ಹತ್ತು ಸಲ ಊದಿದರೆ ಆರು ಸಲ ಬಿ-ಫ್ಲ್ಯಾಟ್ ಬರುತ್ತಿತ್ತು. ಶಾಲೆಯ ಜಿಮ್ನಾಸಿಯಂನಲ್ಲಿ, ಕಿಟಕಿ ತೆರೆದ ಚಳಿಯಲ್ಲಿ, ಮನೆಗೊಬ್ಬರಂತೆ ಮಾಸ್ಕ್ ತೊಟ್ಟು ಕೂತ ಜನರೆದುರು ನಾನು ಎದ್ದು ನಿಂತೆ. ಅವತ್ತಿನದು ಉಳಿದ ನಾಲ್ಕರಲ್ಲಿ ಒಂದು.

ಗಾಳಿಯಷ್ಟೇ ಹೊರಟಿತು. ನಾನು ತಲೆ ಎತ್ತಿದೆ. ಸೆನ್ಸೇಯ ಎಡಗೈ ನಿಧಾನವಾಗಿ ಮೇಲೇರಿ ಅಲ್ಲೇ ನಿಂತಿತು. ಎಲ್ಲರಿಗೂ ಆ ಸ್ವರ ಕೇಳುತ್ತಿದೆಯೆಂಬಂತೆ ನಾಲ್ಕು ಎಣಿಕೆಯನ್ನೂ ಪೂರ್ತಿ ನಡೆಸಿದರು. ಹಾರುಕಾ ಆ ಸ್ವರವನ್ನು ತುಂಬಬಹುದಿತ್ತು. ಅವಳ ಹಾಳೆಯಲ್ಲೂ ಅದು ಇತ್ತು. ಅವಳು ಟ್ರಾಂಬೋನನ್ನು ತೊಡೆಯ ಮೇಲಿಂದ ಎತ್ತಲಿಲ್ಲ. ನಾನು ಉಸಿರು ಬಿಡುತ್ತಲೇ ನಿಂತಿದ್ದು, ಐದನೆಯ ಎಣಿಕೆಗೆ ಕೆಳಗಿನ ಸ್ವರವನ್ನು ಹಿಡಿದೆ.

ಕಾನ್ಸರ್ಟ್ ಮುಗಿದ ಮೇಲೆ ವಾದ್ಯಗಳನ್ನಿಡುವ ಕೋಣೆಯಲ್ಲಿ ಸೆನ್ಸೇ ಕುರ್ಚಿಗಳನ್ನು ಸ್ಯಾನಿಟೈಸರ್‌ನಿಂದ ಒರೆಸುತ್ತಿದ್ದರು. ಕ್ಷಮೆ ಕೇಳಿದೆ.

"ಯಾಕೆ? ಓಡಿಹೋಗಲಿಲ್ಲವಲ್ಲ" ಎಂದರು. ಆಮೇಲೆ, "ನಾಳೆಯಿಂದ ಏಳೂ ಇಪ್ಪತ್ತಕ್ಕೆ ನಾನು ಬರಲ್ಲ. ಒಂಬತ್ತರ ತನಕ ನಿದ್ದೆ ಮಾಡ್ತೀನಿ. ಮೂವತ್ತೇಳು ವರ್ಷದಿಂದ ಕಾದಿದೀನಿ."

ಅದೇ ಕೊನೆಯ ಭೇಟಿ. ನಿವೃತ್ತರಾಗಿ ಅವರು ಉತ್ತರದಲ್ಲಿರುವ ತಂಗಿಯ ಊರಿಗೆ ಹೋದರು. ಪ್ರತಿ ಜನವರಿ ಹೊಸವರ್ಷದ ಕಾರ್ಡು ಬರುತ್ತದೆ. ಮೂಲೆಯಲ್ಲಿ ಅವರ ಕೋಣೆಯ ಉಷ್ಣಾಂಶ. ನಾನೂ ಬರೆಯುತ್ತೇನೆ. ಕಾನ್ಸರ್ಟಿನ ಮಾರನೆಯ ಬೆಳಗಿನ ಬಗ್ಗೆ ಮಾತ್ರ ಈವರೆಗೆ ಬರೆದಿಲ್ಲ.

ತೊಳೆದು ತರಲೆಂದು ವಾದ್ಯ ನನ್ನ ಜೊತೆ ಮನೆಗೆ ಬಂದಿತ್ತು. ಆ ಬೆಳಿಗ್ಗೆ ಆರೂವರೆಗೆ ಅದನ್ನು ಬೆನ್ನಿಗೆ ಹೊತ್ತು ಮನೆ ಹತ್ತಿರದ ಕೆರೆಯ ದಂಡೆಗೆ ನಡೆದೆ. ಆಚೆ ದಡ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಮಾಸ್ಕ್ ತೆಗೆದು ಜೇಬಿಗಿಟ್ಟು, ಎಂಟು ಬಾರ್ ನುಡಿಸಿದೆ. ಬಿ-ಫ್ಲ್ಯಾಟ್ ಬಂತು, ಸ್ವಲ್ಪ ತೆಳುವಾಗಿ. ನಾಲ್ಕು ಎಣಿಕೆ ಹಿಡಿದೆ. ಅದಾದ ಮೇಲೆ ಹಾಳೆಯಲ್ಲಿ ನನಗೆ ಆರು ಬಾರ್ ವಿರಾಮ, ಕೊಳಲುಗಳ ಸರದಿ. ನಾಯಿ ಹಿಡಿದು ಬಂದ ಹೆಂಗಸೊಬ್ಬರು "ಒಹಾಯೋ ಗೊಝಾಯ್ಮಾಸ್" ಎಂದು ಬೆಳಗಿನ ವಂದನೆ ಹೇಳಿದರು. ಎಣಿಸುತ್ತಿದ್ದೆನಾದ್ದರಿಂದ ತಲೆಯನ್ನಷ್ಟೇ ಬಾಗಿಸಿದೆ. ಆರೂ ಬಾರ್ ಮುಗಿಯುವವರೆಗೆ ನಿಂತಿದ್ದು, ಉಸಿರೆಳೆದುಕೊಂಡು ಮುಂದಿನ ಸ್ವರ ಊದಿದೆ.